ತೆರವಾದ ಲೋಕಸಭಾ ಸ್ಥಾನ ಮತ್ತು ಆ ಹತ್ತು ದಿನಗಳು

ಲೋಕಸಭೆಯ ಒಂದು ಸ್ಥಾನ ತೆರವಾಯಿತು ಅಂದರೆ ಮರುದಿನದಿಂದಲೇ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಟಿಕೆಟ್ ಯಾರಿಗೆ? ಇವತ್ತು ಆ ಪ್ರಶ್ನೆಯನ್ನು ಪಕ್ಕಕ್ಕಿಡೋಣ. ಟಿಕೆಟ್ ಸಿಕ್ಕವರೆಲ್ಲ ಅಭ್ಯರ್ಥಿಗಳಾಗುವುದಿಲ್ಲ. ಟಿಕೆಟ್‌ಗೂ ಮತಯಂತ್ರದ ಮೇಲಿನ ಹೆಸರಿಗೂ ನಡುವೆ ಹತ್ತು ದಿನಗಳಿವೆ. ಅಧಿಸೂಚನೆ ಹೊರಟ ಏಳನೇ ದಿನ ನಾಮಪತ್ರ ಸಲ್ಲಿಸಲು ಕೊನೆ, ಮರುದಿನ ಪರಿಶೀಲನೆ, ಅದಾಗಿ ಎರಡನೇ ದಿನ ವಾಪಸ್ ಪಡೆಯಲು ಕೊನೆ. ಮತದಾರರಾದ ನಿಮ್ಮ ಮುಂದೆ ಯಾರು ಯಾರು ಬಂದು ನಿಲ್ಲುತ್ತಾರೆ ಎನ್ನುವುದು ತೀರ್ಮಾನವಾಗುವುದು ಈ ಹತ್ತು ದಿನಗಳಲ್ಲಿ, ಚುನಾವಣಾಧಿಕಾರಿಯ ಕೋಣೆಯಲ್ಲಿ. ನಾವು ಮಾತ್ರ ಅಷ್ಟೂ ದಿನ ಮೆರವಣಿಗೆ ನೋಡುತ್ತಿರುತ್ತೇವೆ.

ಮೊದಲಿಗೆ, ಸ್ಥಾನ ಖಾಲಿಯಾದ ಮಾತ್ರಕ್ಕೆ ಚುನಾವಣೆ ಬರಲೇಬೇಕೆಂದಿಲ್ಲ. ಪ್ರಜಾಪ್ರತಿನಿಧಿ ಕಾಯ್ದೆಯ 151ಎ ಕಲಂ ಪ್ರಕಾರ ಆರು ತಿಂಗಳೊಳಗೆ ಉಪಚುನಾವಣೆ ನಡೆಯಬೇಕು. ಇದಕ್ಕೆ ಎರಡು ವಿನಾಯಿತಿ. ಆ ಸ್ಥಾನದ ಉಳಿದ ಅವಧಿ ಒಂದು ವರ್ಷಕ್ಕಿಂತ ಕಡಿಮೆ ಇದ್ದರೆ ಬೇಡ. ಅಷ್ಟರೊಳಗೆ ನಡೆಸುವುದು ಕಷ್ಟ ಎಂದು ಕೇಂದ್ರ ಸರ್ಕಾರದೊಡನೆ ಸಮಾಲೋಚಿಸಿ ಚುನಾವಣಾ ಆಯೋಗ ಪ್ರಮಾಣೀಕರಿಸಿದರೆ ತಡವಾಗಬಹುದು. 2018ರಲ್ಲಿ ನಮ್ಮ ಬಳ್ಳಾರಿ, ಶಿವಮೊಗ್ಗ, ಮಂಡ್ಯ ಮೂರೂ ತೆರವಾದವು. ಬಿ. ಶ್ರೀರಾಮುಲು, ಬಿ.ಎಸ್. ಯಡಿಯೂರಪ್ಪ, ಸಿ.ಎಸ್. ಪುಟ್ಟರಾಜು ವಿಧಾನಸಭೆಗೆ ಆಯ್ಕೆಯಾಗಿ ಸಂಸತ್ ಸದಸ್ಯತ್ವ ಬಿಟ್ಟರು. ನವೆಂಬರ್ 3ರಂದು ಮತದಾನ ನಡೆಯಿತು. ಕೆಲವೇ ತಿಂಗಳಲ್ಲಿ ಸಾರ್ವತ್ರಿಕ ಚುನಾವಣೆ ಬರುತ್ತಿದ್ದಾಗ ಇದು ಯಾಕೆ ಎಂದು ಆಗ ಬಹಳ ಜನ ಕೇಳಿದರು. ಅದೇ ಹೊತ್ತಿನಲ್ಲಿ ಆಂಧ್ರದ ಐದು ಸ್ಥಾನಗಳೂ ಖಾಲಿಯಿದ್ದವು, ಅಲ್ಲಿ ಚುನಾವಣೆ ನಡೆಯಲಿಲ್ಲ. ಉತ್ತರ ತಾರೀಖಿನಲ್ಲಿತ್ತು. ಆ ಲೋಕಸಭೆಯ ಅವಧಿ 2019ರ ಜೂನ್ 3ಕ್ಕೆ ಮುಗಿಯುವುದಿತ್ತು. ನಮ್ಮ ಮೂರು ಸ್ಥಾನ ತೆರವಾದದ್ದು ಮೇ ತಿಂಗಳಲ್ಲಿ, ಅಂದರೆ ಒಂದು ವರ್ಷಕ್ಕಿಂತ ಕೆಲವು ದಿನ ಹೆಚ್ಚು ಉಳಿದಿತ್ತು. ಆಂಧ್ರದವು ತೆರವಾದದ್ದು ಜೂನ್ 20ರಂದು. ಒಂದು ತಿಂಗಳ ಆಚೀಚೆಯಲ್ಲಿ ಎಲ್ಲವೂ ಬೇರೆಯಾಯಿತು.

ಈ ನಿಯಮಕ್ಕೆ ಒಂದು ಚರಿತ್ರೆ ಇದೆ, ಅದರಲ್ಲಿ ನಮ್ಮ ಬೆಳಗಾವಿಯ ಪಾತ್ರವೂ ಇದೆ. 1996ರ ಲೋಕಸಭಾ ಚುನಾವಣೆಯಲ್ಲಿ ಬೆಳಗಾವಿ ಕ್ಷೇತ್ರವೊಂದರಲ್ಲೇ 456 ಅಭ್ಯರ್ಥಿಗಳು. ಆಂಧ್ರದ ನಲ್ಗೊಂಡದಲ್ಲಿ 480. ಇಡೀ ದೇಶದಲ್ಲಿ 13,952. ಆಗ ಠೇವಣಿ ಐನೂರೇ ರೂಪಾಯಿ. ತಮ್ಮ ಬೇಡಿಕೆಗೆ ದೇಶದ ಗಮನ ಸೆಳೆಯಲು ಸಾಲಾಗಿ ನಾಮಪತ್ರ ಹಾಕುವುದು ಒಂದು ಪ್ರತಿಭಟನೆಯ ರೀತಿಯೇ ಆಗಿತ್ತು. ಅದೇ ವರ್ಷ ಆಗಸ್ಟ್‌ನಲ್ಲಿ ಕಾನೂನು ಬದಲಾಯಿತು. ಠೇವಣಿ ಹತ್ತು ಸಾವಿರಕ್ಕೇರಿತು, ಪಕ್ಷೇತರರಿಗೆ ಹತ್ತು ಸೂಚಕರು, ಅಂದರೆ ಹೆಸರು ಸೂಚಿಸಿ ನಾಮಪತ್ರಕ್ಕೆ ಸಹಿ ಹಾಕುವ ಕ್ಷೇತ್ರದ ಮತದಾರರು, ಕಡ್ಡಾಯವಾದರು, ಒಬ್ಬರಿಗೆ ಎರಡೇ ಕ್ಷೇತ್ರ ಎಂದಾಯಿತು, ಪ್ರಚಾರದ ಕನಿಷ್ಠ ಅವಧಿ ಹದಿನಾಲ್ಕು ದಿನಕ್ಕೆ ಇಳಿಯಿತು. ಉಪಚುನಾವಣೆಗೆ ಆರು ತಿಂಗಳ ಗಡುವು ಬಂದದ್ದೂ ಆಗಲೇ. 1998ರ ಚುನಾವಣೆಯಲ್ಲಿ ಅಭ್ಯರ್ಥಿಗಳ ಸಂಖ್ಯೆ 4,750ಕ್ಕೆ ಇಳಿಯಿತು. ಠೇವಣಿ ಈಗ 25,000. ಪರಿಶಿಷ್ಟ ಜಾತಿ, ಪಂಗಡದವರಿಗೆ 12,500, ಅವರು ಸಾಮಾನ್ಯ ಕ್ಷೇತ್ರದಲ್ಲಿ ನಿಂತರೂ ಅಷ್ಟೇ.

ಈಗ ನಾಮಪತ್ರಕ್ಕೆ ಬರೋಣ. ನಿಮ್ಮಲ್ಲಿ ಯಾರಾದರೂ ನಿಲ್ಲುವ ಯೋಚನೆಯಲ್ಲಿದ್ದರೆ ಬರೆದುಕೊಳ್ಳಿ. ವಯಸ್ಸು 25 ತುಂಬಿರಬೇಕು. ಲೋಕಸಭೆಗೆ ದೇಶದ ಯಾವುದೇ ಕ್ಷೇತ್ರದ ಮತದಾರರು ಎಲ್ಲಿ ಬೇಕಾದರೂ ನಿಲ್ಲಬಹುದು. ಆದರೆ ಬೇರೆ ಕ್ಷೇತ್ರದವರು ತಮ್ಮ ಹೆಸರಿರುವ ಮತದಾರರ ಪಟ್ಟಿಯ ದೃಢೀಕೃತ ಪ್ರತಿ ತರಬೇಕು. ಅದನ್ನು ಕೊಡುವ ಅಧಿಕಾರಿ ಇನ್ನೊಂದು ಊರಿನಲ್ಲಿರುತ್ತಾರೆ, ಕೊನೆಯ ದಿನ ಓಡಿದರೆ ಸಿಗುವುದಿಲ್ಲ. ನಾಮಪತ್ರ ಸ್ವೀಕರಿಸುವುದು ಬೆಳಗ್ಗೆ 11ರಿಂದ ಮಧ್ಯಾಹ್ನ 3ರವರೆಗೆ ಮಾತ್ರ, ರಜಾದಿನ ಇಲ್ಲ. ಭಾನುವಾರವನ್ನೂ ಹಬ್ಬವನ್ನೂ ಕಳೆದರೆ ಏಳು ದಿನ ಐದಾಗುವುದುಂಟು. ಕೋಣೆಯೊಳಗೆ ಅಭ್ಯರ್ಥಿ ಮತ್ತು ಜೊತೆಗೆ ನಾಲ್ವರು, ಒಟ್ಟು ಐದು ಜನ. ನೂರು ಮೀಟರ್ ಒಳಗೆ ಮೂರೇ ವಾಹನ. ಠೇವಣಿಗೆ ಚೆಕ್ ನಡೆಯುವುದಿಲ್ಲ. ಒಬ್ಬರು ನಾಲ್ಕು ಪ್ರತಿ ನಾಮಪತ್ರದವರೆಗೆ ಹಾಕಬಹುದು, ನಾಲ್ಕಕ್ಕೂ ಸೇರಿ ಠೇವಣಿ ಒಂದೇ.

ನಾಲ್ಕು ಪ್ರತಿ ಯಾಕೆ ಬೇಕು? ಮುಹೂರ್ತ ನೋಡಿ ಒಂದು, ಮೆರವಣಿಗೆಯ ದಿನ ಇನ್ನೊಂದು ಎಂದು ಹಾಕುವವರಿದ್ದಾರೆ. ನಿಜವಾದ ಉಪಯೋಗ ಬೇರೆ. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು. ಆದರೆ ಅದು ಬಿ ಫಾರಂ, ಅಂದರೆ ಇವರೇ ನಮ್ಮ ಅಭ್ಯರ್ಥಿ ಎಂದು ಪಕ್ಷ ಕೊಡುವ ಪತ್ರ, ಸರಿಯಾಗಿ ತಲುಪಿದರೆ ಮಾತ್ರ. ಬಿ ಫಾರಂ ನಾಮಪತ್ರದ ಕೊನೆಯ ದಿನ ಮಧ್ಯಾಹ್ನ 3 ಗಂಟೆಯೊಳಗೆ ಚುನಾವಣಾಧಿಕಾರಿಯ ಕೈ ಸೇರಬೇಕು. ಸಹಿ ಹಾಕುವ ಅಧಿಕಾರ ಯಾರಿಗೆ ಎಂದು ಪಕ್ಷ ತಿಳಿಸುವ ಎ ಫಾರಂನಲ್ಲಿ ಹೆಸರಿಸಿದ ಪದಾಧಿಕಾರಿಯೇ ಶಾಯಿಯಲ್ಲಿ ಸಹಿ ಹಾಕಿರಬೇಕು. ರಬ್ಬರ್ ಮುದ್ರೆಯ ಸಹಿ, ಫ್ಯಾಕ್ಸ್, ಜೆರಾಕ್ಸ್ ಯಾವುದೂ ಆಗದು. ಬಿ ಫಾರಂ ಕೈಕೊಟ್ಟರೆ ಆ ಅಭ್ಯರ್ಥಿ ಪಕ್ಷದವರಲ್ಲ, ಅವರಿಗೆ ಹತ್ತು ಸೂಚಕರು ಬೇಕಾಗುತ್ತದೆ, ಇರುವುದು ಒಬ್ಬರೇ, ನಾಮಪತ್ರ ಬಿದ್ದುಹೋಗುತ್ತದೆ. ಆದ್ದರಿಂದ ಅನುಭವ ಇರುವವರು ಒಂದು ಪ್ರತಿಗಾದರೂ ಕ್ಷೇತ್ರದ ಹತ್ತು ಮತದಾರರ ಸಹಿ ಹಾಕಿಸುತ್ತಾರೆ.

ಈ ಎಚ್ಚರಿಕೆ ತಪ್ಪಿದರೆ ಏನಾಗುತ್ತದೆ ಅಂತ 2024ರಲ್ಲಿ ಇಂದೋರ್ ತೋರಿಸಿತು. ಅಲ್ಲಿ ಕಾಂಗ್ರೆಸ್ ಅಭ್ಯರ್ಥಿ ಕೊನೆಯ ದಿನ ನಾಮಪತ್ರ ವಾಪಸ್ ಪಡೆದರು. ಪಕ್ಷ ಒಬ್ಬ ಬದಲಿ ಅಭ್ಯರ್ಥಿಯಿಂದಲೂ ನಾಮಪತ್ರ ಹಾಕಿಸಿತ್ತು. ಆದರೆ ಮುಖ್ಯ ಅಭ್ಯರ್ಥಿಯದು ಅಂಗೀಕಾರವಾದ ಕೂಡಲೇ ಬದಲಿಯವರಿಗೆ ಪಕ್ಷದ ಆಸರೆ ಇರುವುದಿಲ್ಲ, ಹತ್ತು ಸೂಚಕರಿದ್ದರೆ ಪಕ್ಷೇತರರಾಗಿ ಉಳಿಯಬಹುದಿತ್ತು ಅಷ್ಟೇ. ಆ ಸಹಿಗಳಿರಲಿಲ್ಲ, ಪರಿಶೀಲನೆಯಲ್ಲೇ ಅದು ಹೋಗಿತ್ತು. ಕೊನೆಗೆ ಮತದಾರರಲ್ಲಿ 2,18,674 ಜನ ನೋಟಾ ಒತ್ತಿದರು. ತಮಗೆ ಬೇಕಾದ ಆಯ್ಕೆ ಯಂತ್ರದ ಮೇಲೆ ಇಲ್ಲದೆ ಹೋದಾಗ ಜನ ಸಾಲಿನಲ್ಲಿ ನಿಂತು ಅದನ್ನು ಹೇಳಿ ಬಂದರು. ಈ ಸಂಖ್ಯೆಯನ್ನು ಹಗುರವಾಗಿ ಓದಬಾರದು ಅನ್ನುವುದು ನನ್ನ ಅಭಿಪ್ರಾಯ.

ಅದೇ ವರ್ಷ ಸೂರತ್‌ನಲ್ಲಿ ಅಷ್ಟೂ ಅವಕಾಶ ಸಿಗಲಿಲ್ಲ. ಕಾಂಗ್ರೆಸ್ ಅಭ್ಯರ್ಥಿಯ ಸೂಚಕರೇ ಮುಂದೆ ಬಂದು, ಈ ಸಹಿ ನಮ್ಮದಲ್ಲ ಎಂದು ಅಫಿಡವಿಟ್ ಕೊಟ್ಟರು. ನಾಮಪತ್ರ ತಿರಸ್ಕೃತವಾಯಿತು. ಬದಲಿ ಅಭ್ಯರ್ಥಿಯದೂ ಅದೇ ಕಾರಣಕ್ಕೆ ಹೋಯಿತು. ಉಳಿದವರೆಲ್ಲ ವಾಪಸ್ ಪಡೆದರು. ಏಪ್ರಿಲ್ 22ರಂದು ಬಿಜೆಪಿಯ ಮುಕೇಶ್ ದಲಾಲ್ ಅವಿರೋಧವಾಗಿ ಆಯ್ಕೆಯಾದರು, ಮತದಾನವೇ ನಡೆಯಲಿಲ್ಲ. ಸೂಚಕರೆಂದರೆ ಫಾರಂ ತುಂಬಿಸಲು ಸಿಕ್ಕ ಯಾವುದೋ ಒಂದು ಹೆಸರಲ್ಲ. ಪರಿಶೀಲನೆಯ ದಿನ ಅವರನ್ನು ಅಧಿಕಾರಿಯ ಮುಂದೆ ನಿಲ್ಲಿಸಬೇಕಾಗಿ ಬಂದೀತು. ಸಹಿ ನಿಮ್ಮ ಕಣ್ಣೆದುರೇ ಆಗಲಿ, ಹೆಸರಿನ ಪಕ್ಕ ಮತದಾರರ ಪಟ್ಟಿಯ ಭಾಗ ಸಂಖ್ಯೆ, ಕ್ರಮಸಂಖ್ಯೆ ತಾಳೆ ನೋಡಿ, ಆ ದಿನ ಅವರು ಊರಲ್ಲಿರುತ್ತಾರೆಯೇ ಎಂದು ಕೇಳಿಕೊಳ್ಳಿ.

ಇನ್ನು 26ನೇ ನಮೂನೆಯ ಅಫಿಡವಿಟ್. ಅಭ್ಯರ್ಥಿ, ಸಂಗಾತಿ, ಅವಲಂಬಿತರು, ಅವಿಭಕ್ತ ಕುಟುಂಬ, ಇವರೆಲ್ಲರ ಪ್ಯಾನ್, ಐದು ವರ್ಷದ ಆದಾಯ ತೆರಿಗೆ ವಿವರ, ಆಸ್ತಿ, ಸಾಲ, ವಿದೇಶದಲ್ಲಿರುವ ಆಸ್ತಿ, ಬಾಕಿ ಇರುವ ಕ್ರಿಮಿನಲ್ ಪ್ರಕರಣ, ಸರ್ಕಾರಿ ಮನೆಯ ಬಾಡಿಗೆ ಬಾಕಿ ಎಲ್ಲವೂ ಇದರಲ್ಲಿ ಬರಬೇಕು. ಇದರಲ್ಲಿ ಬಹಳ ಜನ ಎಡವುವುದು ಖಾಲಿ ಕಲಂನಲ್ಲಿ. ಮಾಹಿತಿ ಇಲ್ಲದಿದ್ದರೆ ಗೆರೆ ಎಳೆದು ಬಿಡುವುದಲ್ಲ, 'ಇಲ್ಲ' ಅಥವಾ 'ಅನ್ವಯಿಸುವುದಿಲ್ಲ' ಎಂದು ಬರೆಯಲೇಬೇಕು. ಖಾಲಿ ಬಿಟ್ಟರೆ ಅಧಿಕಾರಿ ನೋಟಿಸ್ ಕೊಟ್ಟು ಹೊಸ ಅಫಿಡವಿಟ್ ಕೇಳುತ್ತಾರೆ, ಆಗಲೂ ತುಂಬದಿದ್ದರೆ ನಾಮಪತ್ರ ತಿರಸ್ಕರಿಸಬಹುದು ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಸುಳ್ಳು ಬರೆದಿದ್ದಾರೆ ಎಂಬ ಕಾರಣಕ್ಕೆ ಅಧಿಕಾರಿ ಅಲ್ಲೇ ತಿರಸ್ಕರಿಸುವಂತಿಲ್ಲ. ಸುಳ್ಳಿಗೆ 125ಎ ಕಲಂ ಅಡಿ ಆರು ತಿಂಗಳವರೆಗೆ ಜೈಲು ಅಥವಾ ದಂಡ ಅಥವಾ ಎರಡೂ ಇದೆ, ಅದು ಕೋರ್ಟಿನ ದಾರಿ. ಖಾಲಿ ಬಿಟ್ಟವರು ಕಣದಿಂದ ಹೊರಬೀಳುತ್ತಾರೆ, ಸುಳ್ಳು ಬರೆದವರು ಕಣದಲ್ಲಿ ಉಳಿಯುತ್ತಾರೆ. ನನ್ನನ್ನು ಕೇಳಿದರೆ ಈ ಕಾನೂನಿನ ದೊಡ್ಡ ಕೊರತೆ ಇದೇ. ಹಾಗಾಗಿ ಓದುವ ಹೊಣೆ ನಮ್ಮ ಮೇಲೆ ಬೀಳುತ್ತದೆ. ಪ್ರತಿ ಅಫಿಡವಿಟ್ ಆಯೋಗದ ಜಾಲತಾಣದಲ್ಲಿ ಸಿಗುತ್ತದೆ. ನಿಮ್ಮ ಕ್ಷೇತ್ರದ್ದು ತೆರೆದು ನೋಡಿ, ಹಿಂದಿನ ಚುನಾವಣೆಯ ಅಫಿಡವಿಟ್ ಪಕ್ಕದಲ್ಲಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ಇನ್ನೊಂದು ಸಣ್ಣ ಸಂಗತಿ ಇದೆ, ಸಣ್ಣದೆಂದೇ ಮರೆತುಹೋಗುತ್ತದೆ. ನಾಮಪತ್ರ ಸಲ್ಲಿಸಿದ ಮೇಲೆ ಅಭ್ಯರ್ಥಿ ಸಂವಿಧಾನಕ್ಕೆ ನಿಷ್ಠೆಯ ಪ್ರಮಾಣ ವಚನ ಸ್ವೀಕರಿಸಬೇಕು. ಸಲ್ಲಿಸುವ ಮೊದಲು ಮಾಡಿದರೆ ಲೆಕ್ಕಕ್ಕಿಲ್ಲ, ಪರಿಶೀಲನೆಯ ದಿನ ಬೆಳಗ್ಗೆ ಬಂದು ಮಾಡುತ್ತೇನೆ ಎಂದರೂ ಆಗದು, ಅದರ ಹಿಂದಿನ ದಿನದೊಳಗೆ ಆಗಿರಬೇಕು. ನಾಮಪತ್ರವನ್ನು ಸೂಚಕರ ಕೈಯಲ್ಲಿ ಕಳಿಸಿಕೊಡುವ ಅಭ್ಯರ್ಥಿಗಳು ಇಲ್ಲೇ ಸಿಕ್ಕಿಬೀಳುವುದು. ಕಾಗದ ಒಳಗೆ ಹೋಗಿರುತ್ತದೆ, ಪ್ರಮಾಣ ಆಗಿರುವುದಿಲ್ಲ.

ಸರ್ಕಾರಿ ನೌಕರಿಯಿಂದ ಕಳೆದ ಐದು ವರ್ಷದಲ್ಲಿ ವಜಾ ಆದವರಿಗೆ ಇನ್ನೊಂದು ಕಾಗದ ಬೇಕು: ಭ್ರಷ್ಟಾಚಾರಕ್ಕೋ ದೇಶನಿಷ್ಠೆಯ ಲೋಪಕ್ಕೋ ವಜಾ ಆದದ್ದಲ್ಲ ಎಂದು ಚುನಾವಣಾ ಆಯೋಗ ಕೊಡುವ ಪ್ರಮಾಣಪತ್ರ. 2019ರಲ್ಲಿ ವಾರಾಣಸಿಯಲ್ಲಿ ಬಿಎಸ್‌ಎಫ್‌ನಿಂದ ವಜಾ ಆಗಿದ್ದ ತೇಜ್ ಬಹಾದ್ದೂರ್ ಯಾದವ್ ಅವರ ನಾಮಪತ್ರ ಹೋದದ್ದು ಈ ಕಾಗದ ಇಲ್ಲದೆ.

ಪರಿಶೀಲನೆಯ ದಿನ ಅಭ್ಯರ್ಥಿ, ಅವರ ಚುನಾವಣಾ ಏಜೆಂಟ್, ಒಬ್ಬ ಸೂಚಕ, ಇನ್ನೊಬ್ಬರು, ಇಷ್ಟು ಜನ ಒಳಗೆ ಇರಬಹುದು. ಎದುರಾಳಿಯ ಕಾಗದಗಳನ್ನು ನೋಡಬಹುದು, ಆಕ್ಷೇಪಿಸಬಹುದು. ಆಕ್ಷೇಪ ಬಂದರೆ ಉತ್ತರ ಕೊಡಲು ಸಮಯ ಕೇಳುವ ಹಕ್ಕು ಅಭ್ಯರ್ಥಿಗಿದೆ. ಅಕ್ಷರ ತಪ್ಪು, ಸಣ್ಣಪುಟ್ಟ ಲೋಪಕ್ಕೆ ತಿರಸ್ಕರಿಸಬಾರದು ಎಂದೂ ಕಾನೂನು ಹೇಳುತ್ತದೆ. ಆದರೂ ಅನ್ಯಾಯವಾಗಿ ತಿರಸ್ಕರಿಸಿದರೆ? ಆಗಲೇ ಹೈಕೋರ್ಟಿಗೆ ಓಡಿ ಚುನಾವಣೆ ನಿಲ್ಲಿಸಲು ಆಗುವುದಿಲ್ಲ. ಸಂವಿಧಾನದ 329ನೇ ವಿಧಿ ಅಡ್ಡ ಬರುತ್ತದೆ, 1952ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಇತ್ಯರ್ಥಪಡಿಸಿದೆ. ಫಲಿತಾಂಶ ಬಂದ 45 ದಿನದೊಳಗೆ ಹೈಕೋರ್ಟಿನಲ್ಲಿ ಚುನಾವಣಾ ತಕರಾರು ಅರ್ಜಿ ಹಾಕುವುದೊಂದೇ ದಾರಿ. ಅಷ್ಟರಲ್ಲಿ ಬೇರೊಬ್ಬರು ಗೆದ್ದು ದೆಹಲಿಯಲ್ಲಿ ಕೂತಿರುತ್ತಾರೆ. ಇದಕ್ಕೇ ನಾನು ಪದೇ ಪದೇ ಹೇಳುವುದು, ಕಾಗದದ ಕೆಲಸಕ್ಕೆ ಎರಡನೇ ಅವಕಾಶ ಇಲ್ಲ.

ವಾಪಸ್ ಪಡೆಯುವ ದಿನ ಮಧ್ಯಾಹ್ನ 3 ಗಂಟೆಗೆ ಪಟ್ಟಿ ಗಟ್ಟಿಯಾಗುತ್ತದೆ. ಕೊಟ್ಟ ವಾಪಸಾತಿ ಅರ್ಜಿಯನ್ನು ಮತ್ತೆ ಹಿಂದಕ್ಕೆ ಪಡೆಯಲಾಗದು. 3 ಗಂಟೆ ದಾಟಿದ ಮೇಲೆ 'ಕಣದಿಂದ ಹಿಂದೆ ಸರಿದೆ' ಎಂದು ಹೇಳಿಕೆ ಕೊಟ್ಟರೆ ಅದಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲ. 2018ರ ರಾಮನಗರ ವಿಧಾನಸಭಾ ಉಪಚುನಾವಣೆ ನೆನಪಿದೆಯಲ್ಲ? ಮತದಾನಕ್ಕೆ ಎರಡು ದಿನ ಇರುವಾಗ ಬಿಜೆಪಿ ಅಭ್ಯರ್ಥಿ ಎಲ್. ಚಂದ್ರಶೇಖರ್ ಕಾಂಗ್ರೆಸ್‌ಗೆ ಮರಳಿದರು. ಹೆಸರೂ ಕಮಲದ ಗುರುತೂ ಯಂತ್ರದ ಮೇಲೆ ಹಾಗೇ ಉಳಿದವು, 15 ಸಾವಿರಕ್ಕೂ ಹೆಚ್ಚು ಮತ ಬಿದ್ದವು.

ಆಮೇಲೆ ಗುರುತು, ಹೆಸರಿನ ಸಾಲು. ಯಂತ್ರದ ಮೇಲೆ ಮೊದಲು ಮಾನ್ಯತೆ ಪಡೆದ ಪಕ್ಷದವರು, ನಂತರ ನೋಂದಾಯಿತ ಪಕ್ಷದವರು, ಕೊನೆಗೆ ಪಕ್ಷೇತರರು. ಪ್ರತಿ ಗುಂಪಿನೊಳಗೆ ಕನ್ನಡ ಅಕ್ಷರಮಾಲೆಯ ಕ್ರಮ. ಎಲ್ಲರ ಕೆಳಗೆ ನೋಟಾ. ಒಂದು ಬ್ಯಾಲೆಟ್ ಯೂನಿಟ್‌ನಲ್ಲಿ 16 ಗುಂಡಿ, ನೋಟಾಕ್ಕೆ ಒಂದು ಹೋದರೆ 15 ಅಭ್ಯರ್ಥಿ. ಹದಿನಾರನೆಯವರು ಕಣದಲ್ಲಿ ಉಳಿದರೆ ಪ್ರತಿ ಮತಗಟ್ಟೆಗೂ ಇನ್ನೊಂದು ಯೂನಿಟ್ ಬೇಕು. ಈಗಿನ ಎಂ3 ಯಂತ್ರಕ್ಕೆ 24 ಯೂನಿಟ್ ಜೋಡಿಸಬಹುದು, ನೋಟಾ ಸೇರಿ 384. 2019ರಲ್ಲಿ ತೆಲಂಗಾಣದ ನಿಜಾಮಾಬಾದ್‌ನಲ್ಲಿ ಅರಿಶಿನ, ಜೋಳ ಬೆಳೆಯುವ ರೈತರು ಸಾಲುಗಟ್ಟಿ ನಿಂತು 185 ಅಭ್ಯರ್ಥಿಗಳಾದಾಗ ಪ್ರತಿ ಮತಗಟ್ಟೆಯಲ್ಲಿ 12 ಯೂನಿಟ್ ಇಟ್ಟರು. 1996ರ ಬೆಳಗಾವಿಯ 456 ಜನ ಇವತ್ತು ಬಂದರೆ ಈ ಯಂತ್ರವೂ ಸಾಲದು.

ಒಂದೇ ಹೆಸರಿನವರನ್ನು ನಿಲ್ಲಿಸುವ ಚಾಳಿಯನ್ನು ನೀವು ನೋಡಿದ್ದೀರಿ. 2019ರಲ್ಲಿ ಮಂಡ್ಯದಲ್ಲಿ ಪಕ್ಷೇತರರಾಗಿ ನಿಂತ ಸುಮಲತಾ ಅಂಬರೀಶ್ ಜೊತೆ ಇನ್ನೂ ಮೂವರು ಸುಮಲತಾ ಕಣದಲ್ಲಿದ್ದರು. ಪಕ್ಷೇತರರ ಗುಂಪಿನಲ್ಲಿ ಅಕ್ಷರಕ್ರಮದಿಂದಾಗಿ ಅವರೆಲ್ಲ ಅಕ್ಕಪಕ್ಕವೇ ಬರುತ್ತಾರೆ. ಈ ಗೊಂದಲಕ್ಕೇ 2015ರಿಂದ ಅಭ್ಯರ್ಥಿಯ ಫೋಟೊ ಹಾಕುತ್ತಿರುವುದು. ಎರಡು ಸೆಂಟಿಮೀಟರ್ ಅಗಲ, ಎರಡೂವರೆ ಎತ್ತರ, ಮೂರು ತಿಂಗಳೊಳಗೆ ತೆಗೆಸಿದ್ದು, ಬಿಳಿ ಹಿನ್ನೆಲೆ. ಸುಮಲತಾ ಅಂಬರೀಶ್ ಅವರ ಪ್ರಚಾರದವರು ಕಹಳೆ ಊದುತ್ತಿರುವ ರೈತನ ಗುರುತನ್ನು ಹಳ್ಳಿ ಹಳ್ಳಿಗೆ ಮುಟ್ಟಿಸಿದರು, ಗೆದ್ದರು. ಪಕ್ಷೇತರರಿಗೆ ಗುರುತು ಸಿಕ್ಕ ಗಳಿಗೆಯಿಂದ ಮತದಾನಕ್ಕೆ ಎರಡೇ ವಾರ. ನಾಮಪತ್ರದಲ್ಲಿ ಮೂರು ಗುರುತು ಬರೆಯುವಾಗ ಚಂದ ನೋಡಬೇಡಿ, ದೂರದಿಂದ ಕಪ್ಪುಬಿಳುಪಿನಲ್ಲಿ ಗುರುತಿಸಲು ಬರುತ್ತದೆಯೇ, ಒಂದೇ ಮಾತಿನಲ್ಲಿ ಹೇಳಲು ಬರುತ್ತದೆಯೇ ನೋಡಿ.

ಕ್ರಿಮಿನಲ್ ಪ್ರಕರಣ ಇರುವವರು ವಾಪಸಾತಿ ಮುಗಿದ ಮೇಲೆ ಮೂರು ಬಾರಿ ಪತ್ರಿಕೆ ಮತ್ತು ಟಿವಿಯಲ್ಲಿ ಅದನ್ನು ಪ್ರಕಟಿಸಬೇಕು: ಮೊದಲ ನಾಲ್ಕು ದಿನದಲ್ಲಿ ಒಮ್ಮೆ, ಐದರಿಂದ ಎಂಟನೇ ದಿನದೊಳಗೆ ಒಮ್ಮೆ, ಒಂಬತ್ತನೇ ದಿನದಿಂದ ಪ್ರಚಾರ ಮುಗಿಯುವವರೆಗೆ ಒಮ್ಮೆ. ಪಕ್ಷವೂ ಇಂಥವರನ್ನೇ ಯಾಕೆ ಆರಿಸಿತು ಎಂದು ಕಾರಣ ಕೊಡಬೇಕು. 'ಗೆಲ್ಲುವ ಕುದುರೆ' ಎನ್ನುವುದು ಕಾರಣವಾಗದು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಆ ಜಾಹೀರಾತನ್ನು ಯಾವ ಪುಟದಲ್ಲಿ ಹಾಕಿರುತ್ತಾರೆ ಅಂತ ಈ ಸಲ ಹುಡುಕಿ ನೋಡಿ.

ಖರ್ಚಿನ ವಿಷಯ. ನಮ್ಮಂಥ ದೊಡ್ಡ ರಾಜ್ಯದಲ್ಲಿ ಲೋಕಸಭಾ ಅಭ್ಯರ್ಥಿಯ ಮಿತಿ 95 ಲಕ್ಷ. ನಾಮಪತ್ರದ ಹಿಂದಿನ ದಿನದೊಳಗೆ ಚುನಾವಣೆಗೇ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಬೇಕು. ಹತ್ತು ಸಾವಿರಕ್ಕಿಂತ ಹೆಚ್ಚು ನಗದಾಗಿ ಕೊಡುವಂತಿಲ್ಲ. ರಿಜಿಸ್ಟರ್‌ನಲ್ಲಿ ಮೂರು ಭಾಗ: ಬಿಳಿ ಹಾಳೆ ದಿನದ ಲೆಕ್ಕಕ್ಕೆ, ಗುಲಾಬಿ ನಗದಿಗೆ, ಹಳದಿ ಬ್ಯಾಂಕಿಗೆ. ವೆಚ್ಚ ವೀಕ್ಷಕರ ತಂಡ ತಾನೂ ಬೇರೆ ಒಂದು ಲೆಕ್ಕ ಬರೆದುಕೊಳ್ಳುತ್ತಿರುತ್ತದೆ, ಪ್ರಚಾರದ ಅವಧಿಯಲ್ಲಿ ಕನಿಷ್ಠ ಮೂರು ಬಾರಿ ಎರಡನ್ನೂ ತಾಳೆ ನೋಡುತ್ತಾರೆ. ಅಭ್ಯರ್ಥಿಗಳಿಗೆ ಏಟು ಬೀಳುವುದು ತಾರಾ ಪ್ರಚಾರಕರ ಸಭೆಯಲ್ಲಿ. ತಾರಾ ಪ್ರಚಾರಕರ ಪ್ರಯಾಣದ ಖರ್ಚು ಪಕ್ಷದ ಲೆಕ್ಕಕ್ಕೆ ಹೋಗುತ್ತದೆ. ಆದರೆ ಅಭ್ಯರ್ಥಿ ವೇದಿಕೆ ಹತ್ತಿದರೆ, ಅಥವಾ ಅಲ್ಲಿ ಅವರ ಹೆಸರಿನ ಫ್ಲೆಕ್ಸ್ ಇದ್ದರೆ, ಶಾಮಿಯಾನ, ಕುರ್ಚಿ, ಮೈಕ್‌ಸೆಟ್ ಎಲ್ಲದರ ಖರ್ಚು ಅವರ ತಲೆಗೆ ಬರುತ್ತದೆ. ಕರಪತ್ರದ ಮೇಲೆ ಮುದ್ರಕರ, ಪ್ರಕಾಶಕರ ಹೆಸರು, ವಿಳಾಸ ಇಲ್ಲದಿದ್ದರೆ ಅದೂ ಅಪರಾಧ.

ಕೊನೆಗೆ ಠೇವಣಿ. ಚಲಾಯಿತ ಸಿಂಧು ಮತಗಳ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬಂದರೆ ಠೇವಣಿ ವಾಪಸ್. ನೋಟಾವನ್ನು ಈ ಲೆಕ್ಕಕ್ಕೆ ಸೇರಿಸುವುದಿಲ್ಲ. ಮತ್ತೆ ಬೆಳಗಾವಿಯನ್ನೇ ನೋಡಿ. 2019ರಲ್ಲಿ ಸುರೇಶ ಅಂಗಡಿ 3.91 ಲಕ್ಷ ಮತಗಳ ಅಂತರದಿಂದ ಗೆದ್ದಿದ್ದರು. 2020ರ ಸೆಪ್ಟೆಂಬರ್‌ನಲ್ಲಿ ಅವರು ತೀರಿಕೊಂಡ ಮೇಲೆ 2021ರ ಏಪ್ರಿಲ್ 17ರಂದು ಉಪಚುನಾವಣೆ ನಡೆಯಿತು. ಮಂಗಲಾ ಅಂಗಡಿಯವರಿಗೆ 4,40,327, ಸತೀಶ ಜಾರಕಿಹೊಳಿಯವರಿಗೆ 4,35,087. ಅಂತರ 5,240 ಅಷ್ಟೇ. ಎಂಇಎಸ್ (ಮಹಾರಾಷ್ಟ್ರ ಏಕೀಕರಣ ಸಮಿತಿ) ಬೆಂಬಲಿತ ಅಭ್ಯರ್ಥಿಗೆ 1.17 ಲಕ್ಷ. ಈ ಮೂವರ ಮತ ಕೂಡಿದರೇ 9.92 ಲಕ್ಷ, ಅದರ ಆರನೇ ಒಂದು ಭಾಗ 1.65 ಲಕ್ಷ ದಾಟುತ್ತದೆ. ಅಂದರೆ ಗೆಲುವಿನ ಅಂತರದ ಇಪ್ಪತ್ತು ಪಟ್ಟಿಗೂ ಹೆಚ್ಚು ಮತ ತೆಗೆದುಕೊಂಡವರಿಗೆ ಠೇವಣಿ ಉಳಿಯಲಿಲ್ಲ. ಇನ್ನು ಮುಂದೆ 'ಠೇವಣಿಯೂ ಉಳಿಯಲಿಲ್ಲ' ಎಂಬ ಸುದ್ದಿ ಓದಿದಾಗ ಆ ಮತಗಳ ಸಂಖ್ಯೆಯನ್ನೂ ಗೆಲುವಿನ ಅಂತರವನ್ನೂ ಒಟ್ಟಿಗೆ ನೋಡಿ.

ಸೋತವರಿಗೆ ಒಂದು ಕೆಲಸ ಬಾಕಿ ಇರುತ್ತದೆ. ಫಲಿತಾಂಶ ಬಂದ 30 ದಿನದೊಳಗೆ ಪೂರ್ತಿ ಖರ್ಚಿನ ಲೆಕ್ಕವನ್ನು ಜಿಲ್ಲಾ ಚುನಾವಣಾಧಿಕಾರಿಗೆ ಕೊಡಬೇಕು. ಠೇವಣಿ ಹೋದವರೂ ಕೊಡಬೇಕು, ಒಂದು ರೂಪಾಯಿ ಖರ್ಚು ಮಾಡದವರೂ ಕೊಡಬೇಕು. ಪಕ್ಷೇತರರು ಮನೆಗೆ ಹೋಗಿ ಇದನ್ನು ಮರೆತುಬಿಡುತ್ತಾರೆ. ಸೂಕ್ತ ಕಾರಣವಿಲ್ಲದೆ ಕೊಡದಿದ್ದರೆ ಆಯೋಗ ಮೂರು ವರ್ಷ ಅನರ್ಹಗೊಳಿಸುತ್ತದೆ. ಅಷ್ಟರಲ್ಲಿ ಇನ್ನೊಂದು ಚುನಾವಣೆ ಬಂದರೆ ನಾಮಪತ್ರ ಪರಿಶೀಲನೆಯ ದಿನ ಅದೇ ಕೋಣೆಯಲ್ಲಿ ಆ ಅನರ್ಹರ ಪಟ್ಟಿ ಅಧಿಕಾರಿಯ ಮೇಜಿನ ಮೇಲೆ ಇರುತ್ತದೆ.